ಮೊದಲು ಕೈ, ಆಮೇಲೆ ಪೀಠ, ಕೊನೆಗೆ ಮುಖ: ಬೆಂಗಳೂರಿನಲ್ಲಿ ಸಿಗುವ ಬುದ್ಧ ವಿಗ್ರಹ ಮತ್ತು ಥಂಕಾಗಳ ವಿಮರ್ಶೆ

ಬೆಂಗಳೂರಿನಲ್ಲಿ ಬುದ್ಧ ಸಿಗದ ಪೇಟೆಯೇ ಇಲ್ಲ. ನಗರ್ತಪೇಟೆಯ ಹಿತ್ತಾಳೆ ಅಂಗಡಿಗಳಲ್ಲಿ ಕೆ.ಜಿ. ಲೆಕ್ಕದಲ್ಲಿ, ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಉಡುಗೊರೆ ಡಬ್ಬಿಯೊಳಗೆ, ರಸ್ತೆ ಬದಿಯ ನರ್ಸರಿಗಳಲ್ಲಿ ಸಿಮೆಂಟಿನ ಎರಕದಲ್ಲಿ, ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನ ಅಂಗಳದ ಕರಕುಶಲ ಮೇಳಗಳಲ್ಲಿ ನೇಪಾಳದ ತಾಮ್ರದಲ್ಲಿ ಸಿಗುತ್ತಾನೆ. ಬಟ್ಟೆಯ ಮೇಲೆ ಬರೆದು, ಸುತ್ತ ರೇಷ್ಮೆ ಹೊಲಿದು, ಸುರುಳಿ ಸುತ್ತಿಡುವ ಟಿಬೆಟನ್ ಚಿತ್ರ ಥಂಕಾ ಈಗ ಗೃಹಾಲಂಕಾರದ ಅಂಗಡಿಗಳಿಗೂ ಬಂದಿದೆ. ಇಲ್ಲಿ ಅಂಗಡಿಗಳ ಹೆಸರು ಹಾಕಿಲ್ಲ. ಒಂದೇ ಕಪಾಟಿನಲ್ಲಿ ಒಳ್ಳೆಯದೂ ಕೆಟ್ಟದ್ದೂ ಅಕ್ಕಪಕ್ಕ ಕೂತಿರುತ್ತವೆ. ಹಾಗಾಗಿ ಬಗೆ ಬಗೆಯ ಸರಕನ್ನು ವಿಂಗಡಿಸಿ, ಯಾವುದಕ್ಕೆ ಹಣ ಕೊಡಬಹುದು, ಯಾವುದಕ್ಕೆ ಕೊಡಬಾರದು, ಅದನ್ನು ಅಂಗಡಿಯಲ್ಲಿ ನಿಂತೇ ಪತ್ತೆ ಹಚ್ಚುವುದು ಹೇಗೆ ಎಂಬುದನ್ನಷ್ಟೇ ಬರೆದಿದ್ದೇವೆ.

ಕೊಳ್ಳುವವರು ಬಹುತೇಕ ಮುಖ ನೋಡಿ ಕೊಳ್ಳುತ್ತಾರೆ. ಮುಖ ಶಾಂತವಾಗಿದ್ದರೆ ಸಾಕು ಅನ್ನಿಸುತ್ತದೆ. ಆದರೆ ಅಚ್ಚಿನಲ್ಲಿ ಶಾಂತ ಮುಖ ತೆಗೆಯುವುದು ಕಷ್ಟವಲ್ಲ, ಕೈ ತೆಗೆಯುವುದು ಕಷ್ಟ. ಬೌದ್ಧ ಶಿಲ್ಪದಲ್ಲಿ ಇವನು ಯಾರು, ಇದು ಯಾವ ಗಳಿಗೆ ಎಂದು ಹೇಳುವುದೂ ಕೈಯೇ.

ಕೈ

ಅಂಗಡಿಯ ಬುದ್ಧರಲ್ಲಿ ಹೆಚ್ಚಿನವರು ಭೂಮಿಸ್ಪರ್ಶ ಮುದ್ರೆಯವರು. ಎಡ ಅಂಗೈ ಮಡಿಲಲ್ಲಿ ಮೇಲ್ಮುಖವಾಗಿರುತ್ತದೆ. ಬಲಗೈ ಮೊಣಕಾಲಿನ ಮೇಲಿಂದ ಇಳಿದು ನೆಲ ಮುಟ್ಟುತ್ತದೆ. ಬೋಧಗಯೆಯಲ್ಲಿ ಧ್ಯಾನ ಕೆಡಿಸಲು ಬಂದ ಮಾರನು ಸಾಕ್ಷಿ ಕೇಳಿದಾಗ ಸಿದ್ಧಾರ್ಥ ಭೂಮಿಯನ್ನೇ ಸಾಕ್ಷಿಗೆ ಕರೆದ ಗಳಿಗೆ ಇದು. ಹಾಗಾಗಿ ಬೆರಳ ತುದಿ ಪೀಠವನ್ನು ಮುಟ್ಟಲೇಬೇಕು, ಕಡೇಪಕ್ಷ ಮುಟ್ಟುವಷ್ಟು ಇಳಿದಿರಬೇಕು. ಅಗ್ಗದ ಎರಕಗಳಲ್ಲಿ ಬೆರಳು ಮೊಣಕಾಲಿನ ಮೇಲೇ ನಿಂತುಬಿಡುತ್ತದೆ, ಕೈಯಿಟ್ಟು ದಣಿವಾರಿಸಿಕೊಳ್ಳುತ್ತಿರುವಂತೆ ಕಾಣುತ್ತದೆ. ಅಚ್ಚು ಬಿಡಿಸುವಾಗ ತೆಳ್ಳನೆಯ ಬೆರಳು ಮುರಿಯುತ್ತದೆಂದು ಕಾಲಿಗೆ ಅಂಟಿಸಿಯೇ ಎರಕ ಹೊಯ್ಯುವುದು ಇದಕ್ಕೆ ಕಾರಣ. ಎಡಗೈ ನೆಲ ಮುಟ್ಟುತ್ತಿದ್ದರೆ ಫೋಟೊವನ್ನು ತಿರುಗುಮುರುಗಾಗಿ ಇಟ್ಟುಕೊಂಡು ಅಚ್ಚು ಮಾಡಿದ್ದಾರೆ ಎಂದರ್ಥ. ಮುದ್ರಿತ ಚಿತ್ರಗಳಲ್ಲಿ ಈ ದೋಷ ಇನ್ನೂ ಹೆಚ್ಚು. ಅಂಥದ್ದನ್ನು ಎಷ್ಟು ರಿಯಾಯಿತಿ ಕೊಟ್ಟರೂ ಕೊಳ್ಳಬೇಡಿ.

ಧ್ಯಾನ ಮುದ್ರೆಯಲ್ಲಿ ಎರಡೂ ಅಂಗೈ ಮಡಿಲಲ್ಲಿರುತ್ತವೆ, ಬಲಗೈ ಮೇಲೆ. ಎದೆಯ ಮುಂದೆ ಎರಡೂ ಕೈ ಕೂಡಿ ಬೆರಳುಗಳು ಚಕ್ರ ತಿರುಗಿಸುವಂತಿದ್ದರೆ ಧರ್ಮಚಕ್ರ ಪ್ರವರ್ತನ, ಸಾರನಾಥದ ಮೊದಲ ಉಪದೇಶ. ಅಂಗೈ ಎದುರಿಗೆ ತೋರಿಸಿ ಎತ್ತಿದರೆ ಅಭಯ, ಇಳಿಸಿದರೆ ವರದ. ಎತ್ತಿದ ಕೈಯ ಹೆಬ್ಬೆರಳು ತೋರುಬೆರಳು ಕೂಡಿ ಉಂಗುರವಾದರೆ ವಿತರ್ಕ, ವಿವರಿಸಿ ಹೇಳುವ ಮುದ್ರೆ. ಈ ವ್ಯಾಕರಣ ಎಷ್ಟು ಬಿಗಿಯಾದದ್ದು ಎಂಬುದಕ್ಕೆ ಜಾವಾದ ಬೊರೊಬುದುರ್ ಸಾಕ್ಷಿ. 9ನೇ ಶತಮಾನದ ಆ ಸ್ತೂಪದಲ್ಲಿ ಮೂಲತಃ 504 ಬುದ್ಧರಿದ್ದರು. ಕೆಳಗಿನ ಚೌಕ ಅಂತಸ್ತುಗಳಲ್ಲಿ ಪೂರ್ವಕ್ಕೆ ಮುಖ ಮಾಡಿದವರದು ಭೂಮಿಸ್ಪರ್ಶ, ದಕ್ಷಿಣದವರದು ವರದ, ಪಶ್ಚಿಮದವರದು ಧ್ಯಾನ, ಉತ್ತರದವರದು ಅಭಯ. ಅದರ ಮೇಲಿನ ಸಾಲಿನಲ್ಲಿ ನಾಲ್ಕೂ ದಿಕ್ಕಿಗೆ ವಿತರ್ಕ. ತೂತು ತೂತಿನ ಗಂಟೆಯಾಕಾರದ 72 ಸ್ತೂಪಗಳೊಳಗೆ ಕೂತವರದು ಧರ್ಮಚಕ್ರ. ಕೈ ನೋಡಿದರೆ ನೀವು ಆ ಬೆಟ್ಟದ ಯಾವ ಮಗ್ಗುಲಲ್ಲಿ ನಿಂತಿದ್ದೀರಿ ಎಂದು ಹೇಳಬಹುದು.

ಮಾರುವವರು ಎಲ್ಲರನ್ನೂ ‘ಬುದ್ಧ’ ಎಂದೇ ಕರೆಯುತ್ತಾರೆ. ಮಡಿಲಲ್ಲಿ ಪಾತ್ರೆ, ಇಳಿಸಿದ ಬಲಗೈಯಲ್ಲಿ ಅಳಲೆಕಾಯಿಯ ಗಿಡ, ಮೈ ಕಡುನೀಲಿಯಾಗಿದ್ದರೆ ಅವನು ಭೈಷಜ್ಯಗುರು, ಔಷಧದ ಬುದ್ಧ. ಕಿರೀಟ ತೊಟ್ಟು ಧ್ಯಾನದ ಕೈಗಳಲ್ಲಿ ಅಮೃತ ಕಲಶ ಹಿಡಿದವನು ಅಮಿತಾಯು. ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಿದವರಿಗೆ ಅವನ ಪರಿಚಯವಿದೆ. ಅಲ್ಲಿನ ಮೂರು ದೊಡ್ಡ ವಿಗ್ರಹಗಳು ಶಾಕ್ಯಮುನಿ (ಗೌತಮ ಬುದ್ಧ), ಪದ್ಮಸಂಭವ ಮತ್ತು ಅಮಿತಾಯು. ಬೌದ್ಧರ ದೇವಿ ತಾರೆಯಲ್ಲಿ ಕಾಲು ನೋಡಿ. ಹಸಿರು ತಾರೆ ಬಲಗಾಲು ಇಳಿಸಿ ಎದ್ದು ಬರಲು ಸಿದ್ಧಳಾಗಿರುತ್ತಾಳೆ. ಬಿಳಿ ತಾರೆಯ ಎರಡೂ ಕಾಲು ಮಡಿಚಿರುತ್ತವೆ, ಅವಳಿಗೆ ಒಟ್ಟು ಏಳು ಕಣ್ಣು: ಮುಖದಲ್ಲಿ ಮೂರು, ಅಂಗೈಗಳಲ್ಲಿ ಎರಡು, ಅಂಗಾಲುಗಳಲ್ಲಿ ಎರಡು. ಪಾದದ ಕಣ್ಣು ಬಿಟ್ಟುಹೋದ ಬಿಳಿ ತಾರೆಯರು ಪೇಟೆಯಲ್ಲಿ ಬೇಕಾದಷ್ಟಿದ್ದಾರೆ. ತಾರೆ ಕನ್ನಡ ನಾಡಿಗೆ ಹೊರಗಿನವಳೂ ಅಲ್ಲ. ಗದಗ ಜಿಲ್ಲೆಯ ಡಂಬಳದ 1095ರ ಶಾಸನದಲ್ಲಿ ಅವಳ ಸ್ತುತಿಯಿದೆ.

ಹೊಟ್ಟೆ ಬಿಟ್ಟುಕೊಂಡು ನಗುವ, ಹೆಗಲಿಗೆ ಚೀಲ ಹಾಕಿದ ‘ಲಾಫಿಂಗ್ ಬುದ್ಧ’ ಶಾಕ್ಯಮುನಿ ಅಲ್ಲ. ಅವನು 10ನೇ ಶತಮಾನದ ಚೀನಾದ ಬುದೈ ಎಂಬ ಭಿಕ್ಷು, ಮುಂದೆ ಬರಲಿರುವ ಬುದ್ಧ ಮೈತ್ರೇಯನ ಅವತಾರ ಎಂದು ಅಲ್ಲಿನ ಜನ ನಂಬಿದವನು. ಬೇಕಿದ್ದರೆ ಕೊಳ್ಳಿ, ಯಾರೆಂದು ತಿಳಿದು ಕೊಳ್ಳಿ.

ಯಾವ ನಾಡಿನವನು?

‘ಥಾಯ್ ಬುದ್ಧ’, ‘ಟಿಬೆಟನ್ ಬುದ್ಧ’ ಎಂಬ ಚೀಟಿಗಳನ್ನು ನಂಬುವಂತಿಲ್ಲ. ಬುದ್ಧನ ಪರಿನಿರ್ವಾಣದ ನಂತರ ಎಷ್ಟೋ ಶತಮಾನ ಅವನನ್ನು ಮನುಷ್ಯರೂಪದಲ್ಲಿ ತೋರಿಸಲೇ ಇಲ್ಲ. ಸಾಂಚಿ, ಭಾರ್ಹುತ್‌ಗಳಲ್ಲಿ ಬೋಧಿವೃಕ್ಷ, ಪಾದ, ಚಕ್ರ, ಖಾಲಿ ಆಸನ ಇವೇ ಬುದ್ಧ. ಕಲಬುರಗಿ ಜಿಲ್ಲೆಯ ಸನ್ನತಿ ಬಳಿಯ ಕನಗನಹಳ್ಳಿಯ ಸ್ತೂಪದ ಫಲಕಗಳಲ್ಲೂ ಈ ಸಂಕೇತಗಳನ್ನು ಕಾಣಬಹುದು. ‘ರಾಯ ಅಸೋಕೊ’ ಎಂದು ಬ್ರಾಹ್ಮಿಯಲ್ಲಿ ಹೆಸರು ಕೆತ್ತಿರುವ ಅಶೋಕನ ಶಿಲ್ಪ ಸಿಕ್ಕಿದ್ದೂ ಅಲ್ಲೇ. ಮನುಷ್ಯರೂಪದ ಬುದ್ಧ ನೆಲೆಯೂರಿದ್ದು ಕುಷಾಣರ ಕಾಲದಲ್ಲಿ, ಗಾಂಧಾರ ಮತ್ತು ಮಥುರೆಯಲ್ಲಿ. 5ನೇ ಶತಮಾನದ ಸಾರನಾಥದ ಶಿಲ್ಪಿಗಳು ಚೀವರವನ್ನು, ಅಂದರೆ ಭಿಕ್ಷುವಿನ ಉಡುಗೆಯನ್ನು, ಮೈಗಂಟಿದ ಪೊರೆಯಷ್ಟು ತೆಳುವಾಗಿಸಿದರು. ಕೃಷ್ಣಾ ತೀರದ ಅಮರಾವತಿಯ ಶಿಲ್ಪಿಗಳು ಬಲ ಭುಜ ಬರಿದಾಗಿಟ್ಟು ಚೀವರದ ಕೆಳ ಅಂಚಿಗೆ ದಪ್ಪ ಮಡಿಕೆ ಕೊಟ್ಟರು. ಆ ಮಡಿಕೆ ಹಡಗು ಹತ್ತಿ ಸಿಂಹಳಕ್ಕೂ ಆಗ್ನೇಯ ಏಷ್ಯಾಕ್ಕೂ ಹೋಯಿತು.

ಅಂಗಡಿಯಲ್ಲಿ ಇದನ್ನು ಬಳಸುವುದು ಹೀಗೆ. ನೆತ್ತಿಯ ಉಬ್ಬು, ಅಂದರೆ ಉಷ್ಣೀಷದ ಮೇಲೆ ಜ್ವಾಲೆಯಿದ್ದರೆ ಅದು ಸಿಂಹಳ ಅಥವಾ ಥಾಯ್ ಪದ್ಧತಿ. ಜ್ವಾಲೆಯ ಜೊತೆಗೆ ಕೈ ಧ್ಯಾನದಲ್ಲಿದ್ದು, ಬಲಗಾಲು ಎಡಗಾಲಿನ ಮೇಲೆ ಸುಮ್ಮನೆ ಇಟ್ಟಂತಿದ್ದರೆ ಸಿಂಹಳದ್ದಾಗಿರುವ ಸಂಭವ ಹೆಚ್ಚು. ಒಂದು ಹೆಜ್ಜೆ ಮುಂದಿಟ್ಟು ನಡೆಯುತ್ತಿರುವ ಬುದ್ಧ ಥಾಯ್‌ಲೆಂಡಿನ ಸುಖೋಥಾಯ್ ಶೈಲಿಯ ಹೆಮ್ಮೆ. ಹಣೆಯ ಮೇಲೆ ಅಗಲ ಪಟ್ಟಿ, ಚೀವರಕ್ಕೆ ಅಲೆ ಅಲೆಯ ನೆರಿಗೆ ಇದ್ದರೆ ಬರ್ಮಾದ ಮಾಂಡಲೆ. ಹೆಡೆಯೆತ್ತಿದ ಮುಚಲಿಂದ ನಾಗನ ಸುರುಳಿಯ ಮೇಲೆ ಕೂತವನು ಹೆಚ್ಚಾಗಿ ಖ್ಮೇರ್, ಅಂಕೋರ್ ಕಾಲದ ಮಾದರಿ. ಮಡಿಲಲ್ಲಿ ಎರಡೂ ತೋರುಬೆರಳುಗಳನ್ನು ಮೇಲಕ್ಕೆತ್ತಿ ಹೆಬ್ಬೆರಳಿಗೆ ತಾಗಿಸಿಕೊಂಡು, ತುಸು ಮುಂದಕ್ಕೆ ಬಾಗಿ ಕೂತವನು ಜಪಾನಿನ ಅಮಿದಾ, ಅಂದರೆ ಅಮಿತಾಭ ಬುದ್ಧ. 1252ರಲ್ಲಿ ಎರಕ ಶುರುವಾದ ಕಾಮಕುರದ ಮಹಾಬುದ್ಧನ ನಕಲುಗಳೇ ಇಲ್ಲಿಗೆ ಹೆಚ್ಚಾಗಿ ಬರುವುದು. ಸಿಂಹಳದ ಜ್ವಾಲೆ, ಟಿಬೆಟಿನ ಆಭರಣ, ಜಪಾನಿನ ಮಡಿಲು ಎಲ್ಲವನ್ನೂ ಒಬ್ಬನಿಗೇ ತೊಡಿಸಿದ ರೆಸಿನ್ ಬೊಂಬೆಗಳು ಬೇಕಾದಷ್ಟಿವೆ. ಅವು ಯಾವ ನಾಡಿನವೂ ಅಲ್ಲ.

ಹಿತ್ತಾಳೆ

ಪೇಟೆಯ ಹಿತ್ತಾಳೆ ಬುದ್ಧರಲ್ಲಿ ಬಹುಪಾಲು ಉತ್ತರ ಪ್ರದೇಶದ ಮೊರಾದಾಬಾದ್, ಅಲಿಗಢಗಳಿಂದ ಬರುತ್ತವೆ. ಗಟ್ಟಿ, ಬೆಲೆಯೂ ಕೈಗೆಟುಕುತ್ತದೆ, ಪೂಜೆಗೆ ಇಡಲು ಅಡ್ಡಿಯಿಲ್ಲ. ಕೊಳ್ಳುವಾಗ ಮೂರು ಕಡೆ ಬೆರಳಾಡಿಸಿ. ಕಿವಿಯ ಹಿಂದೆ ಮತ್ತು ತೋಳಿನ ಪಕ್ಕದಲ್ಲಿ ಅಚ್ಚಿನ ಎರಡು ಹೋಳು ಕೂಡಿದ ಗೆರೆ ಉಳಿದಿದೆಯೇ? ಬೆರಳುಗಳ ನಡುವೆ ಲೋಹ ತುಂಬಿ ಕೈ ಮುಷ್ಟಿಯಂತಾಗಿದೆಯೇ? ಪೀಠದ ತಳದ ಅಂಚು ಸಮವಾಗಿದೆಯೇ, ಮೇಜಿನ ಮೇಲಿಟ್ಟರೆ ಅಲ್ಲಾಡುತ್ತದೆಯೇ? ತಲೆಯ ಗುಂಗುರು ಬಲಕ್ಕೆ ಸುತ್ತಿದ ಪುಟ್ಟ ಸುರುಳಿಗಳಾಗಿರಬೇಕು. ಬರೀ ಗುಂಡು ಚುಕ್ಕೆಗಳಾಗಿದ್ದರೆ ಉಳಿ ಹಿಡಿದು ತಿದ್ದುವ ಕೆಲಸ ನಡೆದಿಲ್ಲ.

‘ಶುದ್ಧ ಹಿತ್ತಾಳೆ’ ಎಂಬ ಮಾತನ್ನು ಮನೆಯಲ್ಲೇ ಪರೀಕ್ಷಿಸಬಹುದು. ತಳ ತೆರೆದಿರುವ, ಬಣ್ಣವಿಲ್ಲದ ವಿಗ್ರಹಕ್ಕೆ ಮಾತ್ರ ಇದು ಸರಿ. ಸೂಟ್‌ಕೇಸ್ ತೂಗುವ ನೇತಾಡುವ ತಕ್ಕಡಿಗೆ ದಾರ ಕಟ್ಟಿ ವಿಗ್ರಹವನ್ನು ತೂಗಿ. ನಂತರ ಹಾಗೇ ಬಕೆಟ್ ನೀರಿನಲ್ಲಿ ಪೂರ್ತಿ ಮುಳುಗಿಸಿ, ಓರೆ ಮಾಡಿ ಒಳಗಿನ ಗಾಳಿಯ ಗುಳ್ಳೆ ಹೊರಗೆ ಬಿಟ್ಟು, ತಳಕ್ಕೆ ತಾಗದಂತೆ ಹಿಡಿದು ಮತ್ತೆ ತೂಗಿ. ಮೊದಲ ತೂಕವನ್ನು ಎರಡರ ವ್ಯತ್ಯಾಸದಿಂದ ಭಾಗಿಸಿ. ಉತ್ತರ 8.4ರಿಂದ 8.7ರ ಆಸುಪಾಸು ಬಂದರೆ ಹಿತ್ತಾಳೆ, 8.9ರ ಹತ್ತಿರ ಬಂದರೆ ತಾಮ್ರ. 7ರ ಹತ್ತಿರ ನಿಂತರೆ ಸತುವಿನ ಎರಕಕ್ಕೆ ಹಳದಿ ಲೇಪ, 2.7 ಬಂದರೆ ಅಲ್ಯೂಮಿನಿಯಂ. ಸಣ್ಣ ವಿಗ್ರಹಕ್ಕೆ ಗ್ರಾಂವರೆಗೆ ತೋರಿಸುವ ತಕ್ಕಡಿ ಬೇಕು, ಇಲ್ಲದಿದ್ದರೆ ಉತ್ತರ ಎತ್ತೆತ್ತಲೋ ಹೋಗುತ್ತದೆ.

ಪಾಟನ್‌ನ ತಾಮ್ರ

ಲೋಹದಲ್ಲಿ ನಾವು ಎತ್ತಿ ಹಿಡಿಯುವುದು ಇದನ್ನೇ. ಕಠ್ಮಂಡುವಿಗೆ ಅಂಟಿಕೊಂಡ ಪಾಟನ್ ನಗರದಲ್ಲಿ ನೇವಾರ ಸಮುದಾಯದ ಶಾಕ್ಯ ಮನೆತನಗಳು ಮೇಣದ ಎರಕದಲ್ಲಿ ಮಾಡುವ ವಿಗ್ರಹಗಳಿವು. ಮೇಣದಲ್ಲಿ ರೂಪ ತಿದ್ದಿ, ಮಣ್ಣಿನ ಪದರ ಮೆತ್ತಿ, ಒಣಗಿಸಿ, ಕಾಸಿದಾಗ ಮೇಣ ಕರಗಿ ಹೋಗುತ್ತದೆ. ಆ ಖಾಲಿ ಜಾಗಕ್ಕೆ ಕರಗಿದ ಲೋಹ ಹೊಯ್ಯುತ್ತಾರೆ. ಬಿಡಿಸಲು ಮಣ್ಣಿನ ಅಚ್ಚನ್ನು ಒಡೆಯಲೇಬೇಕು, ಆದ್ದರಿಂದ ಕೂಡುಗೆರೆ ಇರುವುದಿಲ್ಲ. ಆಮೇಲೆ ಸಣ್ಣ ಉಳಿಗಳಿಂದ ಚೀವರದ ಅಂಚಿನ ಬಳ್ಳಿ, ಕಣ್ಣಿನ ರೆಪ್ಪೆ, ಉಗುರು ಎಲ್ಲ ಕೊರೆಯುತ್ತಾರೆ. ಬೆಲೆ ಏರುವುದು ಈ ಕೊರೆತದ ದುಡಿಮೆಯಿಂದ. ಕಮಲಪೀಠದ ಹಿಂಬದಿಯಲ್ಲಿ ದಳಗಳಿಲ್ಲದಿದ್ದರೆ ದೋಷವೆಂದು ತಿಳಿಯಬೇಡಿ. ಹಿಮಾಲಯದ ಎಷ್ಟೋ ಹಳೆಯ ವಿಗ್ರಹಗಳಲ್ಲೂ ಹಾಗೆಯೇ ಇದೆ.

ಚಿನ್ನದ ವಿಷಯದಲ್ಲಿ ಎಚ್ಚರ ಬೇಕು. ಹಳೆಯ ಕ್ರಮದಲ್ಲಿ ಚಿನ್ನವನ್ನು ಪಾದರಸದಲ್ಲಿ ಬೆರೆಸಿ, ತಾಮ್ರಕ್ಕೆ ಬಳಿದು, ಕಾಸಿ ಪಾದರಸವನ್ನು ಹಾರಿಸುತ್ತಾರೆ. ಉಳಿದ ಚಿನ್ನ ಲೋಹದೊಳಗೆ ಕಚ್ಚಿಕೊಳ್ಳುತ್ತದೆ. ಕುಶಲಕರ್ಮಿಯ ಶ್ವಾಸಕೋಶಕ್ಕೆ ವಿಷವಾದ ಕೆಲಸವಿದು. ‘ಫುಲ್ ಗೋಲ್ಡ್’ ಎಂದರೆ ಮೈಯೆಲ್ಲ ಹೀಗೆ ಲೇಪಿಸಿದ್ದು. ಮುಖಕ್ಕೆ ಮಾತ್ರ ಬೇರೆ ಕ್ರಮವಿದೆ: ಚಿನ್ನದ ಪುಡಿಯನ್ನು ಅಂಟಿನಲ್ಲಿ ಕಲಸಿ ಕುಂಚದಿಂದ ಬಳಿದು, ಕಣ್ಣು, ತುಟಿ ಬರೆಯುತ್ತಾರೆ. ಹಾಗಾಗಿ ಮುಖ ಹೊಳಪಿಲ್ಲದೆ ಮಂದವಾಗಿರುವುದೇ ಸರಿ. ಆ ಮುಖಕ್ಕೆ ಒದ್ದೆ ಬಟ್ಟೆ ತಾಗಿಸಬಾರದು, ಅಂಟು ಕರಗಿ ಚಿನ್ನ ಬಟ್ಟೆಗೆ ಬರುತ್ತದೆ. ಮುಖ, ಮಡಿಕೆ, ಪೀಠ ಎಲ್ಲ ಕಡೆ ಒಂದೇ ಛಾಯೆಯ ಕನ್ನಡಿ ಹೊಳಪಿದ್ದರೆ ವಿದ್ಯುತ್ ಲೇಪ ಇರಬಹುದು ಎಂದು ಕೇಳಿ. ಲೇಪ ತಪ್ಪಲ್ಲ, ಅದನ್ನು ಪಾದರಸದಲ್ಲಿ ಕಾಸಿ ಕೂರಿಸಿದ ಚಿನ್ನದ ಬೆಲೆಗೆ ಮಾರುವುದು ತಪ್ಪು.

ಪೀಠವನ್ನು ತಿರುಗಿಸಿ ನೋಡಿ. ಹೊಸ ವಿಗ್ರಹದ ಒಳಗು ಟೊಳ್ಳಾಗಿ, ತಳ ತೆರೆದಿರಬೇಕು, ಇಲ್ಲವೇ ಬರೀ ತಗಡು ಕೂರಿಸಿರಬೇಕು. ವಿಹಾರದಲ್ಲಿ ಪ್ರತಿಷ್ಠೆ ಮಾಡುವಾಗ ನಡುವೆ ಮರದ ಪ್ರಾಣದಂಡ ನಿಲ್ಲಿಸಿ, ಸುತ್ತ ಮಂತ್ರದ ಕಾಗದದ ಸುರುಳಿಗಳನ್ನು ಅಲ್ಲಾಡದಂತೆ ತುಂಬಿ, ವಿಶ್ವವಜ್ರ (ಅಡ್ಡಡ್ಡ ಕೂಡಿದ ಎರಡು ವಜ್ರಾಯುಧ) ಕೊರೆದ ತಾಮ್ರದ ತಗಡಿನಿಂದ ಮುಚ್ಚುತ್ತಾರೆ. ಈ ತುಂಬುವಿಕೆಯ ಹಿಂದೆ ಹಳೆಯ ಭಾರತೀಯ ರೂಢಿಯಿದೆ: ಬುದ್ಧನ ಧಾತುವಿನ (ಅಸ್ಥಿಯ ಅವಶೇಷದ) ಬದಲು ‘ಯೇ ಧರ್ಮಾ ಹೇತುಪ್ರಭವಾ’ ಎಂದು ಶುರುವಾಗುವ, ಎಲ್ಲವೂ ಕಾರಣದಿಂದ ಹುಟ್ಟುತ್ತದೆ ಎನ್ನುವ ಪ್ರತೀತ್ಯಸಮುತ್ಪಾದದ ಗಾಥೆಯನ್ನು ಮಣ್ಣಿನ ಮುದ್ರೆಯಲ್ಲಿ ಒತ್ತಿ ಸ್ತೂಪದೊಳಗೆ ಇಡುತ್ತಿದ್ದರು. ಕಾರಣದಿಂದ ಹುಟ್ಟಿದ್ದೆಲ್ಲದರ ಕಾರಣವನ್ನೂ ನಿರೋಧವನ್ನೂ ಅವನು ಹೇಳಿದ ಎಂಬ ಆ ಮಾತೇ ಬುದ್ಧನ ದೇಹಕ್ಕೆ ಸಮ ಎಂಬ ನಂಬಿಕೆ. ಆದ್ದರಿಂದ ತಳದ ತಗಡನ್ನು ಮೀಟಿ ತೆಗೆದ ಗುರುತು, ಒಳಗೆ ಹರಿದ ಕಾಗದದ ಚೂರು ಕಂಡರೆ ಯಾರದೋ ಪೂಜೆಯ ವಿಗ್ರಹವನ್ನು ಬಿಚ್ಚಿದ್ದಾರೆ ಎಂದು ತಿಳಿದು ಅಲ್ಲಿಂದ ಹೊರಡಿ.

ಕಲ್ಲು, ಮತ್ತು ಬರೀ ತಲೆ

ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು. ಬೆಂಗಳೂರಿನಿಂದ ಹೋಗಿ ಅದೇ ದಿನ ಬರಬಹುದು. ಕೊಟ್ಟ ಹಣಕ್ಕೆ ಸಿಗುವ ಕೆಲಸ ನೋಡಿದರೆ ನಗರದ ಯಾವ ಶೋರೂಮಿಗಿಂತ ಇದು ಮೇಲು. ಇಲ್ಲಿನವರ ತಾಳಮಾನವೂ (ಮೂರ್ತಿಯ ಅಳತೆಯ ಕ್ರಮ) ಟಿಬೆಟನ್ ಚಿತ್ರಕಾರನ ಅಳತೆಯೂ ಒಂದೇ ಬೇರಿನವು: ಒಂದು ಮುಖದ ಉದ್ದ 12 ಅಂಗುಲ, ಪೂರ್ಣ ಮೂರ್ತಿ 120 ಅಥವಾ ಅದಕ್ಕೆ ತುಸು ಹೆಚ್ಚು ಅಂಗುಲ. ಆದ್ದರಿಂದ ಪ್ರಮಾಣ ಕೆಡುವುದು ಅಪರೂಪ. ಕೆಡುವ ಸಾಧ್ಯತೆ ಇರುವುದು ವಿವರದಲ್ಲಿ. ದೇವತಾಮೂರ್ತಿಗೆ ಪಳಗಿದ ಕೈ ಉಷ್ಣೀಷವನ್ನು ಕಿರೀಟದ ಕಡೆಗೂ, ಚೀವರದ ಅಂಚನ್ನು ಯಜ್ಞೋಪವೀತದ ಕಡೆಗೂ ಎಳೆಯಬಹುದು. ಆರ್ಡರ್ ಕೊಡುವಾಗ ಮುಂದಿನ, ಪಕ್ಕದ, ಹಿಂದಿನ ಮೂರೂ ಫೋಟೊ ಕೊಡಿ, ಯಾವ ಮುದ್ರೆ ಎಂದು ಬರೆದು ಕೊಡಿ. ಬಳಪದ ಕಲ್ಲು ಮೃದು, ವಿವರ ಚೆನ್ನಾಗಿ ಬರುತ್ತದೆ, ಆದರೆ ಮೂಗು, ಬೆರಳು ಬೇಗ ಸವೆಯುತ್ತವೆ. ತೋಟದಲ್ಲಿಡಲು ಗಟ್ಟಿ ಕಲ್ಲೇ ಬೇಕು. ಕಟ್ಟಿಗೆಯ ತುಂಡಿನಿಂದ ಮೆಲ್ಲಗೆ ತಟ್ಟಿದರೆ ಕಣ್ ಎಂದು ಸದ್ದು ಬರಬೇಕು. ಮಂದ ಸದ್ದು ಬಂದರೆ ಒಳಗೆ ಬಿರುಕಿದೆ.

‘ಮಾರ್ಬಲ್’ ಎಂದು ಮಾರುವ ಸಣ್ಣ ಬಿಳಿ ಬುದ್ಧರಲ್ಲಿ ಅಮೃತಶಿಲೆಯ ಪುಡಿ ಬೆರೆಸಿದ ರೆಸಿನ್ ಸಾಕಷ್ಟಿದೆ. ಅಚ್ಚಿನ ಗೆರೆ, ತಳದಲ್ಲಿ ಗಾಳಿಗುಳ್ಳೆಯ ತೂತು, ಕೆನ್ನೆಗೆ ತಾಗಿಸಿದರೆ ತಂಪಾಗದಿರುವುದು ಇವು ಗುರುತು. ನಿಜವಾದ ಕಲ್ಲು ತಣ್ಣಗೆ ಚುರುಕು ಮುಟ್ಟಿಸುತ್ತದೆ.

ಇಂದಿರಾನಗರ, ಕೋರಮಂಗಲದ ಹೋಟೆಲು, ಸ್ಪಾಗಳಲ್ಲಿ ಕಾಣುವ ಬರೀ ಬುದ್ಧನ ತಲೆಯನ್ನು ನಾವು ಶಿಫಾರಸು ಮಾಡುವುದೇ ಇಲ್ಲ, ಎಷ್ಟು ಚೆಂದ ಮಾಡಿದ್ದರೂ. ಪೂಜೆಗೆಂದು ಬರೀ ತಲೆ ಮಾಡುವ ವಾಡಿಕೆ ಬೌದ್ಧ ನಾಡುಗಳಲ್ಲಿಲ್ಲ. ಬಿಡಿ ತಲೆಗಳು ಜಗತ್ತಿಗೆ ಬಂದದ್ದು ಒಡೆತದಿಂದ ಮತ್ತು ಕಳ್ಳತನದಿಂದ. 1767ರಲ್ಲಿ ಬರ್ಮಾದ ಸೇನೆ ಥಾಯ್‌ಲೆಂಡಿನ ಹಳೆಯ ರಾಜಧಾನಿ ಅಯುತ್ಥಯವನ್ನು ಸುಟ್ಟ ಮೇಲೆ ಅಲ್ಲಿ ತಲೆಯಿಲ್ಲದ ಬುದ್ಧರ ಸಾಲುಗಳು ಉಳಿದವು. ಬೊರೊಬುದುರ್‌ನಲ್ಲೂ ನೂರಾರು ಮೂರ್ತಿಗಳಿಗೆ ತಲೆಯಿಲ್ಲ. 20ನೇ ಶತಮಾನದ ಮೊದಲ ದಶಕಗಳಲ್ಲಿ ಚೀನಾದ ತಿಯಾನ್‌ಲಾಂಗ್‌ಶಾನ್ ಗುಹೆಗಳ ಮೂರ್ತಿಗಳ ತಲೆಗಳನ್ನು ಕತ್ತರಿಸಿ ಪಶ್ಚಿಮದ ಮತ್ತು ಜಪಾನಿನ ಸಂಗ್ರಾಹಕರಿಗೆ ಮಾರಿದರು. ಆ ಪೇಟೆಯ ರುಚಿಯೇ ಇವತ್ತಿನ ಅಲಂಕಾರದ ತಲೆ. ಇಡೀ ಮೂರ್ತಿ ಸಣ್ಣದಾದರೂ ಸರಿ, ಅದನ್ನೇ ಕೊಳ್ಳಿ.

ಥಂಕಾ

ಅತಿ ಹೆಚ್ಚು ಮೋಸ ಇರುವುದು ಇಲ್ಲೇ, ಹಾಗಾಗಿ ತುಸು ವಿವರವಾಗಿ. ಕೈಬರಹದ ಥಂಕಾ ಶುರುವಾಗುವುದು ಹತ್ತಿ ಬಟ್ಟೆಯಿಂದ. ಬಟ್ಟೆಯನ್ನು ಚೌಕಟ್ಟಿಗೆ ಹುರಿಯಿಂದ ಬಿಗಿದು, ಚರ್ಮದ ಅಂಟು ಮತ್ತು ಸೀಮೆಸುಣ್ಣದಂಥ ಬಿಳಿ ಮಣ್ಣಿನ ಲೇಪ ಎರಡೂ ಬದಿಗೆ ಕೊಟ್ಟು, ನುಣುಪು ಕಲ್ಲಿನಿಂದ ಉಜ್ಜಿ ನೇಯ್ಗೆಯ ಕಣ್ಣು ಕಾಣದಂತೆ ಮಾಡುತ್ತಾರೆ. ಅಳತೆಯ ಗೆರೆ ಎಳೆದು, ಮೂರ್ತಿ ಬರೆದು, ದೂರದ ಆಕಾಶದಿಂದ ಹತ್ತಿರದ ಮೈಯ ಕಡೆಗೆ ಬಣ್ಣ ತುಂಬುತ್ತಾ ಬರುತ್ತಾರೆ. ಸಾಂಪ್ರದಾಯಿಕ ಬಣ್ಣಗಳು ಕಲ್ಲಿನವು: ನೀಲಿಗೆ ಅಜುರೈಟ್, ಹಸಿರಿಗೆ ಮ್ಯಾಲಕೈಟ್, ಕೆಂಪಿಗೆ ಇಂಗಳೀಕ, ಹಳದಿಗೆ ಹರಿತಾಳ. ಛಾಯೆಗೆ ನೀಲಿ ಗಿಡದ ಬಣ್ಣ ಮತ್ತು ಅರಗು. ಆಮೇಲೆ ಚಿನ್ನದ ಗೆರೆ. ಎಲ್ಲಕ್ಕಿಂತ ಕೊನೆಗೆ ಕಣ್ಣು.

ಪೇಟೆಯಲ್ಲಿ ಮೂರು ದರ್ಜೆ ಸಿಗುತ್ತವೆ. ಮೊದಲನೆಯದು ಮುದ್ರಿತ ಚಿತ್ರಕ್ಕೆ ಜರಿ ಅಂಚು ಹೊಲಿದದ್ದು. ಮುದ್ರಿತ ಎಂದೇ ಹೇಳಿ ಮಾರಿದರೆ ಇದರಲ್ಲಿ ತಪ್ಪಿಲ್ಲ. ಕಲಿಯುವವರಿಗೆ, ಧ್ಯಾನಕ್ಕೆ ಎದುರಿಗೆ ಇಟ್ಟುಕೊಳ್ಳುವವರಿಗೆ ಒಳ್ಳೆಯ ಮೂಲದ ಸ್ಪಷ್ಟ ಮುದ್ರಣ, ಅವಸರದ ಕೈಬರಹಕ್ಕಿಂತ ಎಷ್ಟೋ ಉತ್ತಮ. ಎರಡನೆಯದು ಮೋಸದ್ದು: ಕ್ಯಾನ್ವಾಸ್ ಮೇಲೆ ಮುದ್ರಿಸಿ, ಮೇಲೆ ಕೈಯಿಂದ ಬಂಗಾರ ಬಣ್ಣದ ಗೆರೆ ಎಳೆದು ‘ಹ್ಯಾಂಡ್ ಪೇಂಟೆಡ್’ ಎನ್ನುತ್ತಾರೆ. ಬೆರಳಿಗೆ ಗೆರೆ ಉಬ್ಬಾಗಿ ತಾಗುವುದರಿಂದ ಜನ ನಂಬುತ್ತಾರೆ. 10 ಪಟ್ಟು ಹಿಗ್ಗಿಸುವ, ಅಕ್ಕಸಾಲಿಗರು ಬಳಸುವ ಲೂಪ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಗೆರೆ ಇಲ್ಲದ ಜಾಗದಲ್ಲಿ, ಅದರಲ್ಲೂ ಮುಖದ ಮೈಬಣ್ಣದಲ್ಲಿ, ಬಣ್ಣ ಬಣ್ಣದ ಸಣ್ಣ ಚುಕ್ಕೆಗಳು ಕಂಡರೆ ಮುದ್ರಣ. ಆಕಾಶದ ನೀಲಿ ಮೇಲಿನಿಂದ ಕೆಳಕ್ಕೆ ತಿಳಿಯಾಗುವ ಕಡೆ ಕುಂಚದ ಸಾವಿರಾರು ಸಣ್ಣ ಹೊಡೆತ ಕಾಣಬೇಕು. ಹೊಡೆತವೇ ಇಲ್ಲದ ನಯವಾದ ಮಂಜಿದ್ದರೆ ಏರ್‌ಬ್ರಷ್. ಮೂರನೆಯದು ನಿಜವಾದ ಕೈಬರಹ, ಅದರಲ್ಲೂ ಕಲಿಯುವವರದು, ಗುರುಗಳದು ಎಂದು ಬೆಲೆಯಲ್ಲಿ ಬಹಳ ಅಂತರ.

ಕೆಲವು ಮಾರಾಟಗಾರರು ಒದ್ದೆ ಬಟ್ಟೆಯಿಂದ ಚಿತ್ರ ಒರೆಸಿ ‘ನೋಡಿ, ಬಣ್ಣ ಹೋಗೋದಿಲ್ಲ’ ಎಂದು ತೋರಿಸುತ್ತಾರೆ. ಅಂಟಿನಲ್ಲಿ ಕಲಸಿದ ಸಾಂಪ್ರದಾಯಿಕ ಬಣ್ಣ ನೀರಿಗೆ ಕರಗುತ್ತದೆ. ಒರೆಸಿದರೂ ಹೋಗದಿದ್ದರೆ ಅದು ಅಕ್ರಿಲಿಕ್ ಅಥವಾ ಮುದ್ರಣ ಎಂದು ಅವರೇ ತೋರಿಸಿಕೊಟ್ಟ ಹಾಗೆ. ನೀವಾಗಿ ಈ ಪರೀಕ್ಷೆ ಮಾಡಬೇಡಿ, ನಿಜವಾದದ್ದಿದ್ದರೆ ಹಾಳಾಗುತ್ತದೆ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಕಲ್ಲಿನ ಬಣ್ಣ ಮಂದವಾಗಿ, ಸಣ್ಣ ಹರಳಿನಂತೆ ಮಿನುಗುತ್ತದೆ. ನಿಜ ಚಿನ್ನದಲ್ಲಿ ಅಕೀಕ ಎಂಬ ನುಣುಪು ಕಲ್ಲಿನ ತುದಿಯಿಂದ ಉಜ್ಜಿದ ಕಡೆ ಮಾತ್ರ ಹೊಳಪು, ಉಳಿದೆಡೆ ಮಬ್ಬು. ಕಂಚಿನ ಪುಡಿಯ ಬಣ್ಣ ಇಡಿಯಾಗಿ ಹೊಳೆದು, ಕೆಲವು ವರ್ಷಕ್ಕೆ ಕಂದಾಗುತ್ತದೆ. ಅದೇ ಓರೆ ಬೆಳಕಿನಲ್ಲಿ ಅಡ್ಡಡ್ಡ ಬಿರುಕುಗಳಿವೆಯೇ ನೋಡಿ. ಬಿಳಿ ಲೇಪ ದಪ್ಪವಾದರೆ ಸುರುಳಿ ಸುತ್ತಿದಾಗ ಹೀಗೆ ಒಡೆಯುತ್ತದೆ. ಅಂಟು ಹೆಚ್ಚಾದರೆ ಬಣ್ಣ ಹೆಕ್ಕಳಿಕೆಯಾಗಿ ಏಳುತ್ತದೆ, ಕಡಿಮೆಯಾದರೆ ಪುಡಿಯಾಗಿ ಉದುರುತ್ತದೆ.

ಹುಟ್ಟು ಸಾವಿನ ಸುತ್ತನ್ನು ತೋರಿಸುವ ಭವಚಕ್ರದ ಥಂಕಾ ಕೊಳ್ಳುವವರಿಗೆ ಚಿತ್ರಕಾರನ ತಿಳಿವಳಿಕೆ ಅಳೆಯುವುದು ಸುಲಭ. ನಡುವೆ ಹುಂಜ, ಹಾವು, ಹಂದಿ: ರಾಗ, ದ್ವೇಷ, ಮೋಹ. ಅದರಾಚೆ ಹುಟ್ಟಿನ ಆರು ಲೋಕ. ಹೊರ ಅಂಚಿನಲ್ಲಿ ಒಂದರಿಂದ ಇನ್ನೊಂದು ಹುಟ್ಟುವ ಹನ್ನೆರಡು ನಿದಾನಗಳು, ಒಂದೊಂದಕ್ಕೂ ಒಂದು ಚಿತ್ರ. ಅವಿದ್ಯೆಗೆ ಕುರುಡ, ಸಂಸ್ಕಾರಕ್ಕೆ ಮಡಕೆ ಮಾಡುವ ಕುಂಬಾರ, ವಿಜ್ಞಾನಕ್ಕೆ (ಅರಿವು) ಕೋತಿ, ನಾಮರೂಪಕ್ಕೆ ದೋಣಿಯಲ್ಲಿ ಕೂತವರು, ಷಡಾಯತನಕ್ಕೆ (ಆರು ಇಂದ್ರಿಯ) ಕಿಟಕಿಗಳಿರುವ ಖಾಲಿ ಮನೆ, ಸ್ಪರ್ಶಕ್ಕೆ ಅಪ್ಪಿಕೊಂಡ ಜೋಡಿ, ವೇದನೆಗೆ (ಸುಖದುಃಖದ ಅನುಭವ) ಕಣ್ಣಿಗೆ ನಾಟಿದ ಬಾಣ, ತೃಷ್ಣೆಗೆ ಕುಡಿಯುವವನು, ಉಪಾದಾನಕ್ಕೆ (ಅಂಟಿಕೊಳ್ಳುವಿಕೆ) ಹಣ್ಣು ಕೀಳುವವನು, ಭವಕ್ಕೆ ಬಸುರಿ, ಜಾತಿಗೆ (ಹುಟ್ಟು) ಹೆರಿಗೆ, ಜರಾಮರಣಕ್ಕೆ ಹೆಣ ಹೊತ್ತವನು. ಅವಸರದ ಕೆಲಸದಲ್ಲಿ ಬಾಣ ಕಣ್ಣಿನ ಬದಲು ಎದೆಗೆ ಹೋಗಿರುತ್ತದೆ, ಎರಡು ಚಿತ್ರ ಒಂದಾಗಿರುತ್ತವೆ, ಎಣಿಸಿದರೆ ಹನ್ನೊಂದೇ ಇರುತ್ತವೆ. ಪ್ರತೀತ್ಯಸಮುತ್ಪಾದದ ಸರಪಳಿಯಲ್ಲಿ ಒಂದು ಕೊಂಡಿ ಬಿಟ್ಟರೆ ಚಿತ್ರದ ಅರ್ಥವೇ ಹೋಯಿತು, ಏಕೆಂದರೆ ಒಂದು ಕೊಂಡಿ ಕಳಚಿದರೆ ಚಕ್ರ ನಿಲ್ಲುತ್ತದೆ ಎಂಬುದೇ ಅದರ ಬೋಧನೆ. ಅಜಂತಾದ 17ನೇ ಗುಹೆಯ ಮೊಗಸಾಲೆಯಲ್ಲಿ ಈ ಚಕ್ರದ ಬಹಳ ಹಳೆಯ ಚಿತ್ರದ ಭಾಗ ಇನ್ನೂ ಉಳಿದಿದೆ. ಇಂದಿಗೂ ಟಿಬೆಟನ್ ವಿಹಾರಗಳಲ್ಲಿ ಇದನ್ನು ಬರೆಯುವುದು ಬಾಗಿಲ ಪಕ್ಕದ ಗೋಡೆಯ ಮೇಲೆಯೇ.

‘ಇನ್ನೂರು ವರ್ಷ ಹಳೆಯದು’ ಎಂದು ಕಂದು ಬಣ್ಣಕ್ಕೆ ತಿರುಗಿದ ಥಂಕಾ ತೋರಿಸಿದರೆ ಹುಷಾರು. ಚಹಾ ನೀರು, ಹೊಗೆ ಹಾಕಿ ಹೊಸದನ್ನು ಹಳತು ಮಾಡುತ್ತಾರೆ. ಅಂಥದ್ದರಲ್ಲಿ ಕಲೆ ಅಂಚು, ಮಧ್ಯ ಎನ್ನದೆ ಒಂದೇ ಸಮ ಇರುತ್ತದೆ. ನಿಜವಾಗಿ ಹಳೆಯದಾಗಿದ್ದರೆ ಇನ್ನೊಂದು ತೊಡಕು: 1972ರ ಪುರಾವಸ್ತು ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಚಿತ್ರ, ಶಿಲ್ಪಗಳನ್ನು ವ್ಯಾಪಾರ ಮಾಡಲು ಪರವಾನಗಿ ಬೇಕು, ನೋಂದಣಿ ಬೇಕು, ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಕಾಗದ ಪತ್ರ ತೋರಿಸದ ‘ಆಂಟಿಕ್’ ನಕಲಿಯಾದರೂ ನಷ್ಟ, ಅಸಲಿಯಾದರೂ ಕಷ್ಟ.

ಬೈಕಿಗೆ ಕಟ್ಟುವ ಪ್ರಾರ್ಥನಾ ಪತಾಕೆಗಳ ಬಗ್ಗೆ ಎರಡೇ ಮಾತು. ಬಣ್ಣದ ಕ್ರಮ ನೀಲಿ, ಬಿಳಿ, ಕೆಂಪು, ಹಸಿರು, ಹಳದಿ, ಅಂದರೆ ಆಕಾಶ, ಗಾಳಿ, ಬೆಂಕಿ, ನೀರು, ಭೂಮಿ. ಮಂತ್ರದ ಅಕ್ಷರ ಮಸುಕಾದ ಪಾಲಿಯೆಸ್ಟರ್ ಬದಲು ಹತ್ತಿಯದನ್ನು ಕೊಳ್ಳಿ, ಚೈನಿಗೆ, ನೆಲಕ್ಕೆ ತಾಗುವಂತೆ ಕಟ್ಟಬೇಡಿ.

ಬೆಂಗಳೂರಿನ ಮನೆಯಲ್ಲಿ ಇಟ್ಟುಕೊಳ್ಳುವುದು

ಹಿತ್ತಾಳೆ ದೀಪಕ್ಕೆ ಹಚ್ಚುವ ಹುಣಸೆಹುಳಿ, ಪೀತಾಂಬರಿ ಪುಡಿ ಚಿನ್ನದ ಲೇಪದ ವಿಗ್ರಹಕ್ಕೆ ಬೇಡವೇ ಬೇಡ. ಪುಡಿ ಚಿನ್ನವನ್ನು ಗೀರುತ್ತದೆ, ಹುಳಿ ಕೆಳಗಿನ ತಾಮ್ರವನ್ನು ತಿನ್ನುತ್ತದೆ. ಒಣ ಮೆದು ಕುಂಚ ಸಾಕು. ಲೇಪವಿಲ್ಲದ ಹಿತ್ತಾಳೆಗೆ ಹುಳಿ ಹಚ್ಚಿದರೂ ಮಡಿಕೆಗಳಲ್ಲಿ ಉಳಿಯದಂತೆ ತೊಳೆದು ಒರೆಸಿ, ಇಲ್ಲದಿದ್ದರೆ ಹಸಿರು ಕಿಲುಬು ಹಿಡಿಯುತ್ತದೆ. ಥಂಕಾವನ್ನು ದೀಪ, ಊದುಬತ್ತಿಯ ಮೇಲ್ಗಡೆ ನೇತುಹಾಕಬೇಡಿ, ಮಸಿ ಕಲ್ಲುಬಣ್ಣದ ಕಣಗಳ ನಡುವೆ ಹೋಗಿ ಕೂತರೆ ತೆಗೆಯಲಾಗದು. ಜೂನ್‌ನಿಂದ ಅಕ್ಟೋಬರ್‌ವರೆಗೆ ಹೊರಗೋಡೆಯ ತೇವಕ್ಕೆ ರೇಷ್ಮೆಯಲ್ಲಿ ಬೂಸಲು ಬರುತ್ತದೆ. ಆದ್ದರಿಂದ ಒಳಗೋಡೆಗೆ, ಹಿಂದೆ ಗಾಳಿಯಾಡುವಷ್ಟು ಸಂದು ಬಿಟ್ಟು, ನೇರ ಬಿಸಿಲು ಬೀಳದಂತೆ ಹಾಕಿ. ಸುತ್ತುವಾಗ ಮುಸುಕಿನ ರೇಷ್ಮೆಯನ್ನು ಚಿತ್ರದ ಮೇಲೆ ಇಳಿಬಿಟ್ಟು, ಕೆಳಗಿನ ಕೋಲಿನಿಂದ ಮೇಲಕ್ಕೆ ಸಡಿಲವಾಗಿ ಸುತ್ತಿ. ಫ್ರೇಮ್ ಹಾಕಿಸುವವರು ಅಂಗಡಿಯವರಿಗೆ ಎರಡು ವಿಷಯ ಮೊದಲೇ ಹೇಳಬೇಕು: ಬೋರ್ಡಿಗೆ ಅಂಟು ಹಾಕಿ ಒತ್ತಬಾರದು, ಗಾಜು ಬಣ್ಣಕ್ಕೆ ತಾಗಬಾರದು. ಹೇಳದಿದ್ದರೆ ಎಷ್ಟೋ ಕಡೆ ರೇಷ್ಮೆಯ ಅಂಚನ್ನೇ ಕತ್ತರಿಸಿ ಎಸೆಯುತ್ತಾರೆ.

ಹೇಳಿ ಮಾಡಿಸುವುದು

ಒಂದೇ ಒಂದು ಒಳ್ಳೆಯ ಥಂಕಾ ಬೇಕು ಎನ್ನುವವರಿಗೆ ಅಂಗಡಿಗಿಂತ ಕುಶಾಲನಗರದ ಪಕ್ಕದ ಬೈಲಕುಪ್ಪೆ ಅಥವಾ ಮುಂಡಗೋಡಿನ ಟಿಬೆಟನ್ ಕಾಲೊನಿಗಳಲ್ಲಿ ಚಿತ್ರಕಾರರನ್ನು ಹುಡುಕಿ ಬರೆಸುವುದು ವಾಸಿ. ಮೊದಲು ಯಾವ ದೇವತೆ, ಮೈಬಣ್ಣ ಯಾವುದು, ಕೈಯಲ್ಲಿ ಏನಿರಬೇಕು ಎಂದು ನಿಶ್ಚಯಿಸಿ. ಚಿತ್ರದ ಅಳತೆ ಸೆಂಟಿಮೀಟರ್‌ನಲ್ಲಿ, ರೇಷ್ಮೆ ಸೇರಿ ಒಟ್ಟು ಅಳತೆ ಬೇರೆಯಾಗಿ ಬರೆದುಕೊಡಿ. ಬಣ್ಣ ಕಲ್ಲಿನದೋ ಪೋಸ್ಟರ್ ಬಣ್ಣವೋ, ಚಿನ್ನ ಎಷ್ಟು ಕ್ಯಾರಟ್, ಎಲ್ಲೆಲ್ಲಿ ಎಂದು ಕೇಳಿ. ಬೆಲೆಯ ಬಹುಭಾಗ ಇಲ್ಲೇ ತೀರ್ಮಾನವಾಗುತ್ತದೆ. ಗೆರೆಚಿತ್ರ ಮುಗಿದಾಗ ಒಂದು, ಚಿನ್ನ ಹಾಕುವ ಮುಂಚೆ ಒಂದು ಫೋಟೊ ತರಿಸಿಕೊಳ್ಳಿ. ಕೈ, ಕಾಲು, ಲಾಂಛನ ತಿದ್ದಲು ಮೊದಲ ಹಂತದಲ್ಲಿ ಮಾತ್ರ ಸಾಧ್ಯ. ಅರ್ಧ ಮೀಟರ್ ಎತ್ತರದ ಚಿತ್ರಕ್ಕೂ ವಾರಗಟ್ಟಲೆ, ವಿವರ ಹೆಚ್ಚಿದ್ದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ನಾಲ್ಕೇ ದಿನದಲ್ಲಿ ಕೊಡುತ್ತೇನೆ ಎಂದವರು ಸಿದ್ಧವಿರುವ ಮುದ್ರಣವನ್ನು ಕೊಡುವ ಸಂಭವವೇ ಹೆಚ್ಚು. ರೇಷ್ಮೆಗೆ ವಾರಾಣಸಿಯ ನೇಕಾರರು ಟಿಬೆಟನ್ ವಿಹಾರಗಳಿಗಾಗಿಯೇ ನೇಯುವ ಗ್ಯಾಸರ್ ಜರಿ ಸಿಗುತ್ತದೆ, ಅದನ್ನು ಕೇಳಿ, ಅಂಟಿಸದೆ ಹೊಲಿಸಿ. ಹಿಂಬದಿಯಲ್ಲಿ ಮೂರ್ತಿಯ ಹಣೆ, ಗಂಟಲು, ಎದೆಯ ನೇರಕ್ಕೆ ಓಂ, ಆಃ, ಹೂಂ ಎಂಬ ಮೂರು ಅಕ್ಷರ ಬರೆಸುವ ಪದ್ಧತಿಯಿದೆ. ಪೂಜೆಗೆ ಇಡುವವರಾದರೆ ಚಿತ್ರ ಕೈಗೆ ಬಂದ ಮೇಲೆ ಅಲ್ಲಿನ ವಿಹಾರದಲ್ಲೇ ಪ್ರತಿಷ್ಠೆ ಮಾಡಿಸಿ ತರಬಹುದು.